ಪ್ರದೇಶ ಅಧ್ಯಯನದ ಎಂ.ಎ.: ಭಾಷೆಯ ಗಂಟೆಗಳ ಲೆಕ್ಕ ಮೊದಲು

ಪ್ರಶ್ನೆ: ಇತಿಹಾಸದಲ್ಲಿ ಬಿ.ಎ. ಮುಗಿಸಿದ್ದೇನೆ. ಮಧ್ಯ ಏಷ್ಯಾ ಅಥವಾ ಪಶ್ಚಿಮ ಏಷ್ಯಾ ಕುರಿತು, ಭಾಷಾ ತರಬೇತಿಯೂ ಸೇರಿರುವ ಸ್ನಾತಕೋತ್ತರ ಪದವಿ ಮಾಡಬೇಕೆಂದಿದ್ದೇನೆ. ಅಲ್ಲಿನ ಯಾವ ಭಾಷೆಯೂ ನನಗೆ ಬರುವುದಿಲ್ಲ. ಸೊನ್ನೆಯಿಂದ ಶುರುಮಾಡಿ ಎರಡೇ ವರ್ಷದಲ್ಲಿ ಆ ಭಾಷೆಯ ಆಕರಗಳನ್ನು ಓದಿ ಪ್ರಬಂಧ ಬರೆಯಲು ಆದೀತೇ? ಯಾವ ಭಾಷೆ, ಎಂಥ ಕೋರ್ಸು ಆರಿಸಲಿ?

ಉತ್ತರ: ಆದೀತು, ಆದರೆ ಎಲ್ಲ ಭಾಷೆಯಲ್ಲೂ ಅಲ್ಲ, ಎಲ್ಲ ವಿಷಯಕ್ಕೂ ಅಲ್ಲ. ಹೆಚ್ಚಿನವರು ಮೊದಲು ವಿಶ್ವವಿದ್ಯಾಲಯದ ಹೆಸರು ನೋಡುತ್ತಾರೆ, ಆಮೇಲೆ ಪ್ರಾಧ್ಯಾಪಕರ ಪಟ್ಟಿ, ಕೊನೆಗೆ ಭಾಷೆ. ಈ ಕ್ರಮವನ್ನು ತಲೆಕೆಳಗು ಮಾಡಿ. ಸಿದ್ಧಾಂತದ ಪತ್ರಿಕೆಯನ್ನು ಮುಂದಿನ ಸೆಮಿಸ್ಟರ್‌ಗೆ ತಳ್ಳಬಹುದು, ಗ್ರಂಥಸಮೀಕ್ಷೆಯನ್ನು ಮೂರು ವಾರ ನಿದ್ದೆಗೆಟ್ಟು ಮುಗಿಸಬಹುದು. ಭಾಷೆ ಮಾತ್ರ ಹಾಗೆ ಅವಸರಕ್ಕೆ ಬಗ್ಗುವುದಿಲ್ಲ.

ಅಂಕಿಗಳಿಂದಲೇ ಶುರುಮಾಡೋಣ. ಅಮೆರಿಕದ ವಿದೇಶಾಂಗ ಇಲಾಖೆಯ ಫಾರಿನ್ ಸರ್ವಿಸ್ ಇನ್‌ಸ್ಟಿಟ್ಯೂಟ್ ತನ್ನ ರಾಜತಾಂತ್ರಿಕರಿಗೆ ಭಾಷೆ ಕಲಿಸಿದ ಅನುಭವದ ಮೇಲೆ ಒಂದು ವರ್ಗೀಕರಣ ಮಾಡಿಟ್ಟಿದೆ. ಬಹುಕಾಲ ಬಳಕೆಯಲ್ಲಿದ್ದ ಅದರ ಅಂಕಿಗಳು ಹೀಗಿವೆ. ವೃತ್ತಿಗೆ ಸಾಕಾಗುವ ಮಟ್ಟ ಮುಟ್ಟಲು ಸ್ಪ್ಯಾನಿಷ್, ಇಟಾಲಿಯನ್‌ನಂಥ ಭಾಷೆಗಳಿಗೆ ಸುಮಾರು 600ರಿಂದ 750 ತರಗತಿ ಗಂಟೆ. ಇಂಡೊನೇಷಿಯನ್, ಸ್ವಾಹಿಲಿಗೆ ಸುಮಾರು 900. ರಷ್ಯನ್, ಪರ್ಶಿಯನ್, ಟರ್ಕಿಶ್, ಉಜ್ಬೆಕ್‌ಗೆ 1100. ಅರಬ್ಬಿ, ಚೀನೀ, ಜಪಾನೀ, ಕೊರಿಯನ್‌ಗೆ 2200. ಇದು ತರಗತಿಯಲ್ಲಿ ಕುಳಿತ ಸಮಯ ಮಾತ್ರ. ವಾರಕ್ಕೆ 25 ಗಂಟೆ ಪಾಠ, 44 ಅಥವಾ 88 ವಾರ, ಮನೆಗೆಲಸ ಬೇರೆ.

ಈಗ ವಿಶ್ವವಿದ್ಯಾಲಯದ ವೇಳಾಪಟ್ಟಿ ನೋಡಿ. 14 ವಾರದ ಸೆಮಿಸ್ಟರ್, ವಾರಕ್ಕೆ 5 ಗಂಟೆ ಭಾಷಾ ಪಾಠ ಎಂದರೆ 70 ಗಂಟೆ. ನಾಲ್ಕು ಸೆಮಿಸ್ಟರ್ ಸೇರಿ 280. ಅಂದರೆ ಪರ್ಶಿಯನ್ನಿಗೆ ಬೇಕಾದ್ದರ ಕಾಲು ಭಾಗ, ಅರಬ್ಬಿಗೆ ಬೇಕಾದ್ದರ ಎಂಟರಲ್ಲೊಂದು ಪಾಲು. ಬೇಸಿಗೆಯಲ್ಲಿ ವಾರಕ್ಕೆ 20 ಗಂಟೆಯಂತೆ 8 ವಾರದ ತೀವ್ರ ಶಿಬಿರ ಸೇರಿದರೆ ಇನ್ನೊಂದು 160 ಗಂಟೆ ಸಿಗುತ್ತದೆ. ಒಂದು ಶಿಬಿರ ಇಡೀ ಶೈಕ್ಷಣಿಕ ವರ್ಷದ ಪಾಠಕ್ಕಿಂತ ಹೆಚ್ಚು ಗಂಟೆ ಕೊಡುತ್ತದೆ ಎಂಬುದನ್ನು ಗಮನಿಸಿ. ಕೋರ್ಸ್ ಆರಂಭಕ್ಕೆ ಮುಂಚಿನ ಬೇಸಿಗೆಯಲ್ಲಿ ಒಂದು, ನಡುವಿನ ಬೇಸಿಗೆಯಲ್ಲಿ ಒಂದು ಮಾಡಿದರೆ ಒಟ್ಟು 600. ಅಷ್ಟರಲ್ಲಿ ರಷ್ಯನ್, ಟರ್ಕಿಶ್, ಪರ್ಶಿಯನ್‌ಗಳಲ್ಲಿ ನಿಘಂಟು ಪಕ್ಕದಲ್ಲಿಟ್ಟುಕೊಂಡು ನಿಮ್ಮ ವಿಷಯದ ಬರಹ ಓದುವ ಮಟ್ಟ ಬರುತ್ತದೆ. ಅರಬ್ಬಿಯಲ್ಲಿ ಬರುವುದಿಲ್ಲ ಎಂದೇ ಇಟ್ಟುಕೊಳ್ಳಿ. ಮೇಲಾಗಿ ಅಲ್ಲಿ ಬರಹದ ಪ್ರಮಾಣ ಅರಬ್ಬಿ ಒಂದು, ಕೈರೋದಲ್ಲೋ ಅಮ್ಮಾನ್‌ನಲ್ಲೋ ಜನ ಆಡುವ ಅರಬ್ಬಿ ಇನ್ನೊಂದು. ಸಂದರ್ಶನ ಮಾಡುವ ಆಲೋಚನೆ ಇದ್ದರೆ ಎರಡನ್ನೂ ಕಲಿಯಬೇಕು.

ಈ ಅಂಕಿಗಳು ಇಂಗ್ಲಿಷ್ ಮಾತೃಭಾಷೆಯವರನ್ನು ಮುಂದಿಟ್ಟುಕೊಂಡು ಮಾಡಿದವು. ಕನ್ನಡ ಬಲ್ಲವರಿಗೆ ಕೆಲವೆಡೆ ದಾರಿ ಹತ್ತಿರ. ಟರ್ಕಿಶ್, ಉಜ್ಬೆಕ್, ಕಜಕ್, ಜಪಾನೀ, ಕೊರಿಯನ್ ಭಾಷೆಗಳಲ್ಲೂ ಕ್ರಿಯಾಪದ ವಾಕ್ಯದ ಕೊನೆಗೇ ಬರುತ್ತದೆ, ವಿಭಕ್ತಿಗಳು ನಾಮಪದದ ಬೆನ್ನಿಗೆ ಅಂಟಿಕೊಳ್ಳುತ್ತವೆ. ಟರ್ಕಿಶ್‌ನ ‘ಎವ್‌ಲೆರಿಮಿಜ್‌ದೆನ್’ ಎಂಬುದರಲ್ಲಿ ಮನೆ, ಗಳು, ನಮ್ಮ, ಇಂದ ಎಂಬ ನಾಲ್ಕು ತುಂಡುಗಳು ಸಾಲಾಗಿ ಕೂತಿವೆ. ‘ಮನೆಗಳಿಂದ’ ಎನ್ನುವವರಿಗೆ ಅದು ವಿಚಿತ್ರ ಅನ್ನಿಸುವುದಿಲ್ಲ. ‘ಓದಿದ ಪುಸ್ತಕ’, ‘ಬಂದವನು’ ಎಂಬಂಥ ಕೃದಂತಗಳೂ ಅಲ್ಲಿ ಹೆಜ್ಜೆಹೆಜ್ಜೆಗೂ ಸಿಗುತ್ತವೆ. ಇಂಗ್ಲಿಷ್ ಮಾಧ್ಯಮದ ಪಠ್ಯಪುಸ್ತಕ ಇವನ್ನು ವಿವರಿಸಲು ಹತ್ತು ಪುಟ ತಿನ್ನುತ್ತದೆ. ವಿವರಣೆ ಬಿಟ್ಟು ಉದಾಹರಣೆಗಳನ್ನು ನೇರವಾಗಿ ಕನ್ನಡಕ್ಕೆ ತಾಳೆ ಹಾಕಿ, ಬೇಗ ಮುಗಿಯುತ್ತದೆ. ಪರ್ಶಿಯನ್ನಿನಲ್ಲಿ ಅನುಕೂಲ ಇರುವುದು ಪದಗಳಲ್ಲಿ: ಅರ್ಜಿ, ಜಮೀನು, ದಸ್ತಾವೇಜು, ಖಜಾನೆ ಮುಂತಾದ ಆಡಳಿತದ ಪದಗಳು ಆ ದಾರಿಯಿಂದಲೇ ನಮ್ಮಲ್ಲಿಗೆ ಬಂದವು. ಉರ್ದು ಓದಲು ಬಂದರಂತೂ ಲಿಪಿಯ ಕಷ್ಟವೂ ಹೋಯಿತು.

ಹಾಗಾದರೆ ಯಾವುದು? ದೇಶ ನೋಡಿ ಭಾಷೆ ಆರಿಸಬೇಡಿ. ನಿಮ್ಮ ಪ್ರಶ್ನೆಗೆ ಉತ್ತರ ಇರುವ ಕಾಗದ ಯಾವ ಭಾಷೆಯಲ್ಲಿದೆ ಎಂದು ನೋಡಿ. ಉಜ್ಬೆಕಿಸ್ತಾನವನ್ನೇ ತೆಗೆದುಕೊಳ್ಳಿ. ಸೋವಿಯತ್ ಕಾಲದ ನೀರಾವರಿ, ಹತ್ತಿ, ಪಕ್ಷದ ಆಡಳಿತದ ಕಡತಗಳಲ್ಲಿ ಬಹುಪಾಲು ರಷ್ಯನ್. ರಷ್ಯನ್ನರು ಬರುವ ಮುಂಚಿನ ಬುಖಾರಾ ದರಬಾರಿನ ಇತಿಹಾಸ ಬೇಕಾದರೆ ಪರ್ಶಿಯನ್, ಜೊತೆಗೆ ಮಧ್ಯ ಏಷ್ಯಾದ ಹಳೆಯ ತುರ್ಕಿ ಸಾಹಿತ್ಯ ಭಾಷೆಯಾದ ಚಗತಾಯ್. ಇವತ್ತಿನ ಹಳ್ಳಿಯ ಬದುಕು, ವಲಸೆ ಕಾರ್ಮಿಕರ ಕುಟುಂಬ ಎಂದರೆ ಉಜ್ಬೆಕ್ ಇಲ್ಲದೆ ಆಗದು. ಒಂದೇ ದೇಶ, ಮೂರು ಪ್ರಶ್ನೆ, ಮೂರು ಬೇರೆ ಎಂ.ಎ.

ಲಿಪಿಯ ಬಲೆಯೂ ಇದೆ. ಉಜ್ಬೆಕ್ ಬರಹ 20ನೇ ಶತಮಾನದಲ್ಲೇ ಅರಬ್ಬಿ ಲಿಪಿಯಿಂದ ಲ್ಯಾಟಿನ್‌ಗೆ, 1940ರಲ್ಲಿ ಸಿರಿಲಿಕ್‌ಗೆ ಹೋಯಿತು. 1993ರಲ್ಲಿ ಮತ್ತೆ ಲ್ಯಾಟಿನ್ ಎಂದು ಕಾನೂನಾಯಿತು. ಟರ್ಕಿಯಲ್ಲಿ ಲಿಪಿ ಬದಲಾದದ್ದು 1928ರಲ್ಲಿ. ಎರಡು ವರ್ಷ ಆಧುನಿಕ ಟರ್ಕಿಶ್ ಚೆನ್ನಾಗಿ ಕಲಿತವರು ಕೂಡ 1910ರ ಇಸ್ತಾಂಬುಲ್ ಪತ್ರಿಕೆಯ ಒಂದು ಸಾಲನ್ನೂ ಓದಲಾರರು. ಲಿಪಿ ಬೇರೆ, ಶಬ್ದಸಂಪತ್ತಿನಲ್ಲೂ ಅರಬ್ಬಿ ಮತ್ತು ಪರ್ಶಿಯನ್ ತುಂಬಿವೆ. ಆ ಹಳೆಯ ಬರಹದ ಭಾಷೆಯಾದ ಒಟ್ಟೊಮನ್ ಟರ್ಕಿಶ್ ಬೇರೆಯೇ ಪಾಠ, ಸಾಮಾನ್ಯವಾಗಿ ಆಧುನಿಕ ಟರ್ಕಿಶ್‌ನ ಎರಡು ವರ್ಷ ಆದ ಮೇಲಿನ ಪಾಠ. ಆದ್ದರಿಂದ ಸೊನ್ನೆಯಿಂದ ಹೊರಡುವವರು ಪ್ರಬಂಧವನ್ನು 1928ರ ಈಚೆಗೆ ಇಟ್ಟುಕೊಳ್ಳುವುದು ಒಳ್ಳೆಯದು.

ನಿಮ್ಮ ಎರಡು ಆಯ್ಕೆಗಳ ಬಗ್ಗೆ ನೇರವಾಗಿ ಹೇಳುವುದಾದರೆ: ಇತಿಹಾಸದ ಹಿನ್ನೆಲೆ ಇಟ್ಟುಕೊಂಡು, ಭಾಷೆ ಇಲ್ಲದೆ ಹೊರಟವರಿಗೆ ಸೋವಿಯತ್ ಕಾಲದ ಮಧ್ಯ ಏಷ್ಯಾ ಮತ್ತು ರಷ್ಯನ್ ಹೆಚ್ಚು ಕೈಗೆಟುಕುವ ಜೋಡಿ. ಟೈಪ್ ಮಾಡಿದ ಕಡತಗಳು, ಒಂದೇ ಆಡಳಿತ ಶೈಲಿ, ಹೇರಳ ಪಠ್ಯಸಾಮಗ್ರಿ. ಪಶ್ಚಿಮ ಏಷ್ಯಾವೇ ಬೇಕೆಂದರೆ ಗಣರಾಜ್ಯದ ಟರ್ಕಿ ಅಥವಾ 20ನೇ ಶತಮಾನದ ಇರಾನ್. ಅರಬ್ಬಿ ಬೇಕೇ ಬೇಕು ಎನ್ನುವವರು ಎಂ.ಎ.ಗೆ ಮುಂಚೆ ಒಂದು ವರ್ಷ ಅದಕ್ಕೇ ಕೊಡಲಿ.

ಇನ್ನು ಕೋರ್ಸಿನ ಸ್ವರೂಪ. ಹೆಸರು ಒಂದೇ ಇದ್ದರೂ ಒಳಗಿನ ಸರಕು ಬೇರೆ ಬೇರೆ. ಬ್ರಿಟನ್ನಿನ ಒಂದು ವರ್ಷದ ಎಂ.ಎ. 180 ಕ್ರೆಡಿಟ್; ಅಲ್ಲಿ ಒಂದು ಕ್ರೆಡಿಟ್ ಎಂದರೆ 10 ಗಂಟೆ ಕೆಲಸ, ತರಗತಿ ಮತ್ತು ಸ್ವಂತ ಓದು ಸೇರಿ. 30 ಕ್ರೆಡಿಟ್‌ನ ಭಾಷಾ ಪತ್ರಿಕೆ ಎಂದರೆ ಒಟ್ಟು 300 ಗಂಟೆ, ಹೆಚ್ಚೆಂದರೆ ಯುರೋಪಿನ ಆರು ಹಂತದ (ಎ1ರಿಂದ ಸಿ2ವರೆಗಿನ) ಮಾಪನದಲ್ಲಿ ಕೆಳಗಿನಿಂದ ಎರಡನೆಯದಾದ ಎ2 ಆಸುಪಾಸು. ಯುರೋಪಿನ ಇತರೆಡೆ ಎರಡು ವರ್ಷಕ್ಕೆ 120 ಇ.ಸಿ.ಟಿ.ಎಸ್. ಕ್ರೆಡಿಟ್, ಒಂದೊಂದಕ್ಕೆ 25ರಿಂದ 30 ಗಂಟೆ. ಅದರಲ್ಲಿ ಭಾಷೆಗೆ 30 ಇಟ್ಟಿದ್ದರೆ 750ರಿಂದ 900 ಗಂಟೆ, 10 ಮಾತ್ರ ಇಟ್ಟಿದ್ದರೆ ಅದು ರುಚಿ ತೋರಿಸಿದಷ್ಟೇ. ಸೊನ್ನೆಯಿಂದ ಬರುವವರು ಒಂದು ವರ್ಷದ ಕೋರ್ಸಿನ ಗೋಜಿಗೇ ಹೋಗಬಾರದು ಎಂಬುದು ನಮ್ಮ ಖಚಿತ ಅಭಿಪ್ರಾಯ, ಅದರ ಹೆಸರು ಎಷ್ಟೇ ದೊಡ್ಡದಿರಲಿ.

ಭಾಷಾ ಪಾಠದ ಅಂಕ ಪದವಿಯ ಒಟ್ಟು ಅಂಕಕ್ಕೆ ಸೇರುತ್ತದೋ ಇಲ್ಲವೋ ಎಂಬುದು ಸಣ್ಣ ವಿಷಯದಂತೆ ಕಾಣುತ್ತದೆ. ಸೇರದಿದ್ದರೆ ನವೆಂಬರ್ ಹೊತ್ತಿಗೆ ಸೆಮಿನಾರ್ ಪ್ರಬಂಧಗಳ ಗಡುವು ಬಂದಾಗ ಎಲ್ಲರೂ ಮೊದಲು ಕೈಬಿಡುವುದು ಭಾಷೆಯನ್ನೇ. ಅರ್ಜಿ ಹಾಕುವ ಮುನ್ನ ಸಂಯೋಜಕರಿಗೆ ಬರೆದು ಕೇಳಿ: ವಾರಕ್ಕೆ ಎಷ್ಟು ತರಗತಿ ಗಂಟೆ? ಅಂಕ ಸೇರುತ್ತದೆಯೇ? ಕಳೆದ ಎರಡು ವರ್ಷ ಮೂರನೇ ಹಂತದ ತರಗತಿ ನಿಜವಾಗಿ ನಡೆದಿದೆಯೇ, ಅದಕ್ಕೆ ಕನಿಷ್ಠ ಎಷ್ಟು ವಿದ್ಯಾರ್ಥಿಗಳು ಬೇಕು? ಅಧ್ಯಾಪಕರದು ಕಾಯಂ ಹುದ್ದೆಯೇ, ವರ್ಷದ ಗುತ್ತಿಗೆಯೇ? ಕೊನೆಯ ಎರಡು ಪ್ರಶ್ನೆ ಕೇಳಲು ಮುಜುಗರವಾಗುತ್ತದೆ, ಆದರೂ ಕೇಳಿ. ಉಜ್ಬೆಕ್, ಪಶ್ತೋದಂಥ ಕಡಿಮೆ ಜನ ಕಲಿಯುವ ಭಾಷೆಗಳಲ್ಲಿ ಕೈಪಿಡಿಯಲ್ಲಿ ನಾಲ್ಕು ಹಂತ ಅಚ್ಚಾಗಿದ್ದು, ವಾಸ್ತವದಲ್ಲಿ ಎರಡು ಮಾತ್ರ ನಡೆಯುವುದು ಮಾಮೂಲು.

ಭಾಷೆಗೂ ಪ್ರದೇಶ ಅಧ್ಯಯನಕ್ಕೂ ಇರುವ ನಂಟಿನ ಹಿಂದೆ ಸರ್ಕಾರಗಳ ಹಿತಾಸಕ್ತಿ ಇದೆ. ಪ್ಯಾರಿಸ್‌ನ ಪೌರ್ವಾತ್ಯ ಭಾಷೆಗಳ ಶಾಲೆ 1795ರದ್ದು, ಲಂಡನ್ನಿನ ಅಂಥದೇ ಸಂಸ್ಥೆ ಸೋಆಸ್ 1916ರದ್ದು. ಅಮೆರಿಕದಲ್ಲಿ 1957ರ ಸ್ಪುಟ್ನಿಕ್ ಹಾರಿದ ಮರುವರ್ಷವೇ ಬಂದ ರಾಷ್ಟ್ರೀಯ ರಕ್ಷಣಾ ಶಿಕ್ಷಣ ಕಾಯ್ದೆ ಪ್ರದೇಶ ಅಧ್ಯಯನದ ಕೇಂದ್ರಗಳಿಗೆ ಹಣ ಹರಿಸಿತು. ಯಾವ ಭಾಷೆಗೆ ಹಣ, ಯಾವುದಕ್ಕೆ ಇಲ್ಲ ಎಂಬುದು ಇವತ್ತಿಗೂ ರಾಜಕೀಯದ ಗಾಳಿಗೆ ತಕ್ಕಂತೆ ತಿರುಗುತ್ತದೆ.

ಬೇಸಿಗೆ ಶಿಬಿರದ ಊರಿನ ವಿಷಯದಲ್ಲೂ ಅಷ್ಟೆ. ಒಂದು ಕಾಲಕ್ಕೆ ಅರಬ್ಬಿಗೆ ಡಮಾಸ್ಕಸ್ ಎನ್ನುತ್ತಿದ್ದರು. 2011ರಲ್ಲಿ ಸಿರಿಯಾದ ಸಂಘರ್ಷ ಶುರುವಾದ ನಂತರ ಅಮ್ಮಾನ್ ಕಡೆ ಹೊರಳಿತು. 2022ರಲ್ಲಿ ರಷ್ಯಾ ಯುಕ್ರೇನ್ ಮೇಲೆ ದಾಳಿ ಮಾಡಿದ ನಂತರ ಅನೇಕ ಸಂಸ್ಥೆಗಳು ರಷ್ಯನ್ ಕಲಿಕೆಗೆ ಅಲ್ಮಾಟಿ, ಬಿಷ್ಕೆಕ್, ಟಿಬಿಲಿಸಿ, ಯೆರೆವಾನ್‌ಗಳಿಗೆ ವಿದ್ಯಾರ್ಥಿಗಳನ್ನು ಕಳಿಸುತ್ತಿವೆ. ನಿಮಗೆ ಇದು ಅನುಕೂಲವೇ: ಅಲ್ಮಾಟಿಯಲ್ಲಿ ರಷ್ಯನ್ ಕಲಿಯುತ್ತಲೇ ಕಜಕ್ ಕಿವಿಗೆ ಬೀಳುತ್ತದೆ, ಪತ್ರಾಗಾರವೂ ಅಲ್ಲೇ. ಶಿಬಿರಗಳ ಅರ್ಜಿ ಡಿಸೆಂಬರ್‌ನಿಂದ ಫೆಬ್ರವರಿಯೊಳಗೇ ಮುಗಿಯುವುದು ಹೆಚ್ಚು. ಮೊದಲ ಸೆಮಿಸ್ಟರ್ ಪರೀಕ್ಷೆಯ ಗದ್ದಲದಲ್ಲಿ ಗಡುವು ಜಾರಿಹೋಗುತ್ತದೆ. ಎರಡನೇ ಆಯ್ಕೆಯ ಊರಿಗೂ ಅರ್ಜಿ ಹಾಕಿಡಿ.

ಕಲಿಕೆಯ ದಿನಚರಿಗೆ ಬರೋಣ. ಲಿಪಿ ಕಲಿಸುವ ಮೊದಲ ಎರಡು ಮೂರು ವಾರ ಒಂದು ತರಗತಿಯನ್ನೂ ತಪ್ಪಿಸಬೇಡಿ. ಅಲ್ಲಿ ಹಿಂದೆ ಬಿದ್ದವರು ಇಡೀ ಸೆಮಿಸ್ಟರ್ ಲ್ಯಾಟಿನ್ ಲಿಪ್ಯಂತರ ಊರಿಕೊಂಡು ಕುಂಟುತ್ತಾರೆ. ಪದಗಳ ಕಾರ್ಡುಗಳನ್ನು ಆಗಾಗ ಮತ್ತೆ ತೋರಿಸುವ ಆಂಕಿಯಂಥ ತಂತ್ರಾಂಶದಲ್ಲಿ ದಿನಕ್ಕೆ 15 ಹೊಸ ಪದ ಸಾಕು. ಹುರುಪಿನಲ್ಲಿ 40 ಹಾಕಿದರೆ ಮರುಪರಿಶೀಲನೆಯ ಸಾಲ ಬೆಳೆದು, ಕೆಲವೇ ವಾರಗಳಲ್ಲಿ ದಿನಕ್ಕೆ ಮುನ್ನೂರು ಕಾರ್ಡು ಎದುರಿಗೆ ನಿಂತು ಇಡೀ ವ್ಯವಸ್ಥೆಯನ್ನೇ ಬಿಟ್ಟುಬಿಡುತ್ತೀರಿ. 15ರಂತೆ 200 ದಿನಕ್ಕೆ 3000 ಪದ. ಅದೇ ಒಳ್ಳೆಯ ವರ್ಷದ ಫಸಲು.

ಎರಡನೇ ಸೆಮಿಸ್ಟರ್‌ನ ಕೊನೆಗೆ ಬರುವ ಒಂದು ಘಟ್ಟವಿದೆ. ವ್ಯಾಕರಣ ಮುಗಿದಿದೆ, ಪಠ್ಯಪುಸ್ತಕದ ಪಾಠ ಓದಲು ಬರುತ್ತದೆ, ಸುದ್ದಿಪತ್ರಿಕೆ ತೆರೆದರೆ ಗೋಡೆ. ಕಾರಣ ಸರಳ ಗಣಿತ: ನೂರಕ್ಕೆ 95 ಪದ ಗೊತ್ತಿದ್ದರೂ ಇಪ್ಪತ್ತು ಪದಕ್ಕೊಂದು ಗೊತ್ತಿಲ್ಲದ ಪದ, 300 ಪದದ ಪುಟದಲ್ಲಿ ಹದಿನೈದು. ಇಲ್ಲಿ ಸಿಕ್ಕಿದ್ದೆಲ್ಲ ಓದುವುದು ಉಪಾಯವಲ್ಲ. ವಿಷಯ ಕಿರಿದು ಮಾಡಿ. ನಿಮ್ಮ ಪ್ರಬಂಧ ನೀರಾವರಿ ಕುರಿತಾದರೆ ಒಂದು ತಿಂಗಳು ನೀರಾವರಿಯ ವರದಿಗಳನ್ನೇ ಓದಿ. ಕಾಲುವೆ, ಹೂಳು, ಪಾಲು, ಯೋಜನೆ, ಗುರಿ ಸಾಧನೆ ಎಂಬ ಅದೇ ನೂರಿನ್ನೂರು ಪದ ತಿರುತಿರುಗಿ ಬರುತ್ತವೆ.

ಓದುವ ರೀತಿಯೂ ಮುಖ್ಯ. 400 ಪದದ ಒಂದು ಬರಹ ಆರಿಸಿ. ಮೊದಲ ಸಲ ನಿಘಂಟು ಮುಟ್ಟದೆ ಹತ್ತು ನಿಮಿಷ ಓದಿ, ಯಾರು ಏನು ಮಾಡಿದರು ಎಂಬುದಷ್ಟನ್ನು ಹುಡುಕಿ. ಎರಡನೇ ಸಲ ಕ್ರಿಯಾಪದಗಳನ್ನೂ ‘ಆದರೂ’, ‘ಹೊರತು’, ‘ಇಲ್ಲದಿದ್ದರೆ’ ಬಗೆಯ ಜೋಡಣೆಯ ಪದಗಳನ್ನೂ ಮಾತ್ರ ನೋಡಿ. ಅರ್ಥ ತಲೆಕೆಳಗಾಗುವುದು ಅಲ್ಲಿಯೇ, ನಾಮಪದಗಳಲ್ಲಿ ಅಲ್ಲ. ಮೂರನೇ ಸಲ ಇಲಾಖೆ, ಹುದ್ದೆ, ಸಂಕ್ಷಿಪ್ತ ರೂಪಗಳನ್ನು ಬೇರೆ ಕಡತಕ್ಕೆ ಬರೆದುಕೊಳ್ಳಿ. ಸೋವಿಯತ್ ದಾಖಲೆಗಳು ಸಂಕ್ಷಿಪ್ತ ರೂಪಗಳ ಕಾಡು; ಅವು ಸಾಮಾನ್ಯ ನಿಘಂಟಿನಲ್ಲಿ ಸಿಗುವುದಿಲ್ಲ, ನಿಮ್ಮ ಪಟ್ಟಿಯೇ ನಿಮ್ಮ ನಿಘಂಟು. ಕೊನೆಗೆ ಅದೇ ಭಾಷೆಯಲ್ಲಿ ಮೂರು ವಾಕ್ಯದ ಸಾರಾಂಶ ಬರೆದು ಅಧ್ಯಾಪಕರಿಂದ ತಿದ್ದಿಸಿ.

ಯಂತ್ರಾನುವಾದ ಬಳಸಬೇಡಿ ಎಂದು ಈಗ ಯಾರೂ ಹೇಳಲಾರರು. ಇನ್ನೂರು ಲೇಖನಗಳಲ್ಲಿ ಯಾವ ಹದಿನೈದನ್ನು ಓದಬೇಕು ಎಂದು ಸೋಸಲು ಅದು ಚೆನ್ನ. ಆದರೆ ಉದ್ದ ವಾಕ್ಯದ ನಡುವೆ ಅಡಗಿದ ನಿಷೇಧ, ವ್ಯಕ್ತಿನಾಮವನ್ನು ಸಾಮಾನ್ಯ ಪದವೆಂದು ಅನುವಾದಿಸುವುದು, ಕಚೇರಿ ಭಾಷೆಯ ನಯವಾದ ಮುಚ್ಚುಮರೆ ಇವುಗಳಲ್ಲಿ ಎಡವುತ್ತದೆ; ಕೈಬರಹದಲ್ಲಿ ಇನ್ನೂ ಹೆಚ್ಚು. ಉದ್ಧರಿಸುವ ಪ್ರತಿಯೊಂದು ವಾಕ್ಯವನ್ನೂ ಮೂಲದಲ್ಲಿ ನೀವೇ ಓದಿರಬೇಕು.

ಆಕರಗಳ ಬಳಿ ಹೋದಾಗ ಭಾಷೆಗಿಂತ ಹೆಚ್ಚು ಕಾಡುವ ಕೆಲವು ಸಂಗತಿಗಳಿವೆ. ಗ್ರಂಥಾಲಯದ ಕ್ಯಾಟಲಾಗಿನಲ್ಲಿ ಒಂದೇ ಲೇಖಕನ ಹೆಸರು ಮೂರು ಬಗೆಯ ಲಿಪ್ಯಂತರದಲ್ಲಿ ಇರುತ್ತದೆ. ಅಮೆರಿಕದ ಗ್ರಂಥಾಲಯಗಳು ಎ.ಎಲ್.ಎ.-ಎಲ್.ಸಿ. ಎಂಬ ಲಿಪ್ಯಂತರ ಪದ್ಧತಿ ಅನುಸರಿಸುತ್ತವೆ, ಅದರಲ್ಲಿ ನಿಮ್ಮ ಭಾಷೆಯ ಅಕ್ಷರಪಟ್ಟಿಯನ್ನು ಮೊದಲ ತಿಂಗಳಲ್ಲೇ ಇಳಿಸಿಕೊಳ್ಳಿ, ಮೂಲ ಲಿಪಿಯಲ್ಲೂ ಹುಡುಕಿ. ದಿನಾಂಕಗಳು ಇನ್ನೊಂದು ಗುಂಡಿ. ಇರಾನಿನ ಸೌರ ಹಿಜರಿ ವರ್ಷಕ್ಕೆ 621 ಕೂಡಿಸಬೇಕು, ಜನವರಿಯಿಂದ ಮಾರ್ಚ್ 20ರ ಸುಮಾರಿನವರೆಗಿನ ತಾರೀಖಾದರೆ 622. ಚಾಂದ್ರ ಹಿಜರಿಗೆ ಈ ಲೆಕ್ಕ ನಡೆಯದು, ಅದರ ವರ್ಷಕ್ಕೆ 354 ಅಥವಾ 355 ದಿನ. ರಷ್ಯಾದಲ್ಲಿ 1918ರ ಜನವರಿ 31ರ ಮರುದಿನ ಫೆಬ್ರವರಿ 14. ಅದಕ್ಕಿಂತ ಹಿಂದಿನ 20ನೇ ಶತಮಾನದ ತಾರೀಖುಗಳಿಗೆ 13 ದಿನ ಸೇರಿಸಬೇಕು, 19ನೇ ಶತಮಾನಕ್ಕೆ 12. ಟಿಪ್ಪಣಿಯಲ್ಲಿ ಮೂಲದ ತಾರೀಖು, ಪರಿವರ್ತಿತ ತಾರೀಖು ಎರಡನ್ನೂ ಬರೆದಿಡಿ.

ಹಿಂದಿನ ಸೋವಿಯತ್ ದೇಶಗಳ ಪತ್ರಾಗಾರಗಳಲ್ಲಿ ಪ್ರತಿ ಹಾಳೆಗೂ ನಾಲ್ಕು ಅಂಕಿ: ಫೋಂಡ್ (ಸಂಗ್ರಹ), ಓಪಿಸ್ (ಪಟ್ಟಿ), ದೇಲೋ (ಕಡತ), ಲಿಸ್ಟ್ (ಹಾಳೆ). ಹಾಳೆಯ ಹಿಂಬದಿಯಾದರೆ ‘ಒಬ್.’ ಎಂದು ಸೇರಿಸಬೇಕು. ಫೋಟೊ ತೆಗೆಯಲು ಬಿಡುವ ಕಡೆಗಳಲ್ಲಿ ಮೊದಲು ಕಡತದ ರಟ್ಟಿನ ಫೋಟೊ, ಆಮೇಲೆ ಹಾಳೆಗಳದು. ಈ ಕ್ರಮ ತಪ್ಪಿದರೆ ಮೂರು ತಿಂಗಳ ನಂತರ ಮುನ್ನೂರು ಚಿತ್ರಗಳಲ್ಲಿ ಯಾವುದು ಎಲ್ಲಿಯದೆಂದು ತಿಳಿಯದು, ಅಡಿಟಿಪ್ಪಣಿ ಇಲ್ಲದ ಆಕರ ಪ್ರಬಂಧಕ್ಕೆ ಬಾರದು.

ಪ್ರಬಂಧದ ವಿಷಯವನ್ನು ನಿಮ್ಮ ಆಸೆಯ ಅಳತೆಗಲ್ಲ, ಓದುವ ವೇಗದ ಅಳತೆಗೆ ಕತ್ತರಿಸಿ. ಮೊದಲ ವರ್ಷ ಮುಗಿಯುವ ಹೊತ್ತಿಗೆ ಉದ್ದೇಶಿತ ಆಕರದಿಂದ ಹತ್ತು ಪುಟ ಪಡೆದು ಗಡಿಯಾರ ಇಟ್ಟು ಓದಿ. ಗಂಟೆಗೆ ಒಂದು ಪುಟ ಸಾಗಿತು ಎನ್ನಿ. 400 ಪುಟದ ಕಡತವಿದ್ದರೆ 400 ಗಂಟೆ. ವಾರಕ್ಕೆ 20 ಗಂಟೆಯಂತೆ 20 ವಾರ, ಬರೆಯುವುದು ಇನ್ನೂ ಬಾಕಿ. ಆಗ ಮೂರು ಜಿಲ್ಲೆಯನ್ನು ಒಂದಕ್ಕೆ ಇಳಿಸಬೇಕು, ಇಲ್ಲವೇ ಹತ್ತು ವರ್ಷದ ಅವಧಿಯನ್ನು ಎರಡಕ್ಕೆ. ಈ ಪರೀಕ್ಷೆ ಮಾಡದವರು ಕೊನೆಯ ಸೆಮಿಸ್ಟರ್‌ನಲ್ಲಿ ಇಂಗ್ಲಿಷ್ ಪತ್ರಿಕಾ ವರದಿಗಳಿಗೆ ಶರಣಾಗುತ್ತಾರೆ. ಹೊರಗಿನ ಓದುಗರಿಗೆಂದೇ ಬರೆದ ಆ ವರದಿಗಳಲ್ಲಿ, ಒಳಗಿನ ಓದುಗರ ನಡುವೆ ನಡೆದ ಚರ್ಚೆ ಇರುವುದೇ ಇಲ್ಲ. ಸಂದರ್ಶನ ಮಾಡುವುದಾದರೆ ವಿಶ್ವವಿದ್ಯಾಲಯದ ನೈತಿಕ ಸಮಿತಿಯ ಒಪ್ಪಿಗೆ ಮೊದಲು ಬೇಕು, ಅದು ಒಂದೆರಡು ತಿಂಗಳು ಹಿಡಿಯಬಹುದು. ಪ್ರವಾಸಿ ವೀಸಾದಲ್ಲಿ ಸಂಶೋಧನೆ ಮಾಡಹೊರಡುವುದು ಅಪಾಯದ ಕೆಲಸ.

ಈ ಪದವಿಯ ದೌರ್ಬಲ್ಯವೊಂದನ್ನು ಮುಚ್ಚಿಡಬಾರದು. ಸಾಹಿತ್ಯ, ರಾಜಕೀಯ, ಧರ್ಮ, ಅರ್ಥಶಾಸ್ತ್ರ ಎಲ್ಲದರಿಂದ ಒಂದೊಂದು ತುತ್ತು ತಿನ್ನಿಸಿ, ಯಾವ ವಿಧಾನವನ್ನೂ ಪೂರ್ತಿ ಕಲಿಸದೆ ಕಳಿಸುವ ಕೋರ್ಸುಗಳಿವೆ. ಪಿಎಚ್.ಡಿ. ಆಯ್ಕೆ ಸಮಿತಿ ‘ನಿಮ್ಮ ಶಾಸ್ತ್ರ ಯಾವುದು’ ಎಂದು ಕೇಳಿಯೇ ಕೇಳುತ್ತದೆ. ನೀವು ಇತಿಹಾಸದಿಂದ ಬಂದವರು; ಐಚ್ಛಿಕ ಪತ್ರಿಕೆಗಳಲ್ಲಿ ಕನಿಷ್ಠ ಎರಡನ್ನು ಇತಿಹಾಸ ವಿಭಾಗದಲ್ಲೇ, ಅದರಲ್ಲೂ ಪತ್ರಾಗಾರ ವಿಧಾನದ ಪತ್ರಿಕೆಯನ್ನು ತೆಗೆದುಕೊಳ್ಳಿ.

ಹಣದ ಬಗ್ಗೆ ಚುಟುಕಾಗಿ. ಅಮೆರಿಕದ ಭಾಷಾ ಕಲಿಕೆಯ ಫ್ಲಾಸ್ ಫೆಲೋಶಿಪ್ ಅಲ್ಲಿನ ನಾಗರಿಕರಿಗೂ ಕಾಯಂ ನಿವಾಸಿಗಳಿಗೂ ಮಾತ್ರ. ಟರ್ಕಿ ಮತ್ತು ದಕ್ಷಿಣ ಕೊರಿಯಾ ಸರ್ಕಾರಗಳ ವಿದ್ಯಾರ್ಥಿವೇತನಗಳಲ್ಲಿ ಪದವಿಗೆ ಮುಂಚೆ ಒಂದು ವರ್ಷದ ಭಾಷಾ ತರಬೇತಿಯೇ ಸೇರಿದೆ. ಕೊರಿಯಾದ್ದರಲ್ಲಿ ಕೊರಿಯನ್ ಭಾಷೆಯ ಟಾಪಿಕ್ ಪರೀಕ್ಷೆಯ 3ನೇ ಹಂತ ದಾಟಬೇಕು. ಒಟ್ಟು ಮೂರು ವರ್ಷವಾಗುತ್ತದೆ, ಆದರೆ ಸೊನ್ನೆಯಿಂದ ಹೊರಡುವವರಿಗೆ ಇದಕ್ಕಿಂತ ಪ್ರಾಮಾಣಿಕ ವ್ಯವಸ್ಥೆ ಇಲ್ಲ. ಟರ್ಕಿಯನ್ನು ಆರಿಸುವುದಾದರೆ ಇದನ್ನು ಮೊದಲು ನೋಡಿ.

ಅರ್ಜಿಯ ಉದ್ದೇಶಪತ್ರದಲ್ಲಿ ‘ಆ ಸಂಸ್ಕೃತಿಯ ಮೇಲೆ ಅಪಾರ ಒಲವು’ ಎಂದು ಬರೆಯುವ ಜಾಗದಲ್ಲಿ, ಈಗಾಗಲೇ ಎಷ್ಟು ಗಂಟೆ ಕಲಿತಿದ್ದೀರಿ, ಯಾವ ಪಠ್ಯದ ಯಾವ ಪಾಠದವರೆಗೆ ಬಂದಿದ್ದೀರಿ ಎಂದು ಬರೆಯಿರಿ. ಮೂರು ತಿಂಗಳ ಆನ್‌ಲೈನ್ ಪಾಠವೂ ಲೆಕ್ಕಕ್ಕೆ ಬರುತ್ತದೆ, ಶಿಫಾರಸು ಪತ್ರಗಳಲ್ಲಿ ಒಂದು ಆ ಭಾಷಾ ಅಧ್ಯಾಪಕರದಾದರೆ ಇನ್ನೂ ಒಳ್ಳೆಯದು. ಪ್ರಮಾಣಪತ್ರ ಎಷ್ಟೇ ಇರಲಿ, ಸೇರಿದ ವಾರ, ನಿಮ್ಮನ್ನು ಯಾವ ಹಂತದ ತರಗತಿಗೆ ಹಾಕಬೇಕೆಂದು ನೋಡುವ ಪ್ಲೇಸ್‌ಮೆಂಟ್ ಪರೀಕ್ಷೆ ತಪ್ಪದು. ಗಡಿಯಲ್ಲಿದ್ದರೆ ಕೆಳಗಿನ ತರಗತಿಗೆ ತೃಪ್ತರಾಗದೆ ಮೇಲಿನದಕ್ಕೆ ಕೇಳಿ. ಮೊದಲ ತಿಂಗಳು ಒದ್ದಾಡಿದರೂ ಒಂದು ಸೆಮಿಸ್ಟರ್ ಉಳಿಯುತ್ತದೆ. ಪದವಿ ಮುಗಿದಾಗ ಸ್ವವಿವರದಲ್ಲಿ ‘ರಷ್ಯನ್: ಉತ್ತಮ’ ಎಂದರೆ ಯಾರಿಗೂ ಏನೂ ತಿಳಿಯದು. ‘ಓದು ಬಿ2, ಮಾತು ಬಿ1, ಬರಹ ಎ2’ ಎಂದು ಬಿಡಿಬಿಡಿಯಾಗಿ, ಪರೀಕ್ಷೆಯ ಹೆಸರು ಮತ್ತು ವರ್ಷದ ಸಮೇತ ಬರೆಯಿರಿ.